ಉಂಡ ಮೇಲಿನ ಸ್ತುತಿ: ಕ್ರೈಸ್ತರಿಗೆ ದಿನನಿತ್ಯದ ಕೃತಜ್ಞತೆ ಏಕೆ ಬೇಕು?

ವೀಕ್ಷಕರೆಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನಮ್ಮ ಮನೆಗಳಲ್ಲಿ ಊಟಕ್ಕೆ ಮೊದಲು ಪ್ರಾರ್ಥಿಸುವ ರೂಢಿ ಇದೆ. ತಾಟಿಗೆ ರೊಟ್ಟಿ, ಪಲ್ಯ ಬಡಿಸಿದ ಮೇಲೆ ಮನೆಯ ಹಿರಿಯರೋ, ಎಲ್ಲರಿಗಿಂತ ಚಿಕ್ಕ ಮಗುವೋ ಎರಡು ಮಾತು ಹೇಳುತ್ತಾರೆ; ಉಳಿದವರು ಆಮೆನ್ ಎನ್ನುತ್ತಾರೆ; ಊಟ ಆರಂಭವಾಗುತ್ತದೆ. ಇದು ಒಳ್ಳೆಯ ರೂಢಿ. ಯೇಸು ಸ್ವಾಮಿಯೂ ಐದು ರೊಟ್ಟಿಗಳನ್ನು ಹಂಚುವ ಮುನ್ನ ಸ್ತೋತ್ರ ಮಾಡಿದನು. ಆದರೆ ಮೋಶೆಯ ಧರ್ಮಶಾಸ್ತ್ರವು ಊಟದ ವಿಷಯದಲ್ಲಿ ಕೃತಜ್ಞತೆಯನ್ನು ವಿಧಿಸುವಾಗ ಹೇಳುವುದು ಉಣ್ಣುವ ಮೊದಲಿನ ಮಾತನ್ನಲ್ಲ; ಉಂಡು ತೃಪ್ತರಾದ ಮೇಲೆ ದೇವರನ್ನು ಕೊಂಡಾಡಬೇಕು ಎಂಬ ಮಾತನ್ನು. ಯೆಹೂದ್ಯರು ಇಂದಿಗೂ ಈ ವಚನವನ್ನು ಆಧರಿಸಿ ಊಟ ಮುಗಿದ ನಂತರವೇ ದೀರ್ಘವಾದ ಸ್ತುತಿಯನ್ನು ಹೇಳುತ್ತಾರೆ.

(ಪರದೆಯ ಮೇಲೆ: ಧರ್ಮೋಪದೇಶಕಾಂಡ 8:10–17)

ಹಸಿದವನಿಗೆ ದೇವರ ನೆನಪು ತಾನಾಗಿಯೇ ಬರುತ್ತದೆ. ಹೊಟ್ಟೆ ತುಂಬಿದವನಿಗೆ ಆಜ್ಞೆ ಬೇಕಾಗುತ್ತದೆ. ಇಸ್ರಾಯೇಲ್ಯರು 40 ವರ್ಷ ಅರಣ್ಯದಲ್ಲಿ ಅಲೆದು, ಕಾನಾನ್ ದೇಶದ ಗಡಿಗೆ ಬಂದು ನಿಂತಾಗ ಮೋಶೆ ಈ ಅಧ್ಯಾಯದ ಮಾತುಗಳನ್ನು ಹೇಳಿದನು. ಅರಣ್ಯದಲ್ಲಿ ಮನ್ನ ಎಂಬ ಆಹಾರವು ಸಬ್ಬತ್ ದಿನವೊಂದನ್ನು ಬಿಟ್ಟು ಪ್ರತಿದಿನ ಮುಂಜಾನೆ ಬೀಳುತ್ತಿತ್ತು. ಅದನ್ನು ಯಾರೂ ಬಿತ್ತಿರಲಿಲ್ಲ. ಆದ್ದರಿಂದ ಅದು ಎಲ್ಲಿಂದ ಬಂತೆಂಬ ವಿಷಯದಲ್ಲಿ ಯಾರಿಗೂ ಗೊಂದಲ ಇರಲಿಲ್ಲ. ಕಾನಾನಿನಲ್ಲಾದರೋ ಅವರೇ ಉಳುವರು, ಅವರೇ ಬಿತ್ತುವರು, ಅವರೇ ಕೊಯ್ಯುವರು. ಹಿಂಡುಗಳು ಹೆಚ್ಚುವವು, ಬೆಳ್ಳಿ ಬಂಗಾರ ಕೂಡುವುದು. ಆಗ ತಮ್ಮ ಕೈಬಲದಿಂದಲೇ ಈ ಐಶ್ವರ್ಯ ಬಂತೆಂದು ಮನಸ್ಸಿನಲ್ಲಿ ಅಂದುಕೊಳ್ಳುವರು ಎಂದು ಮೋಶೆ ಎಚ್ಚರಿಸಿದನು. ಅವನು ಭಯಪಟ್ಟದ್ದು ಬರಗಾಲಕ್ಕಲ್ಲ, ಸುಗ್ಗಿಗೆ.

ನಮ್ಮ ಭಾಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎರೆಭೂಮಿ ಬಿರುಕು ಬಿಟ್ಟಂಥ ವರ್ಷದಲ್ಲಿ ಮಳೆಗಾಗಿ ಪ್ರಾರ್ಥಿಸಿರಿ ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗುವುದಿಲ್ಲ. ಮಳೆ ಹದವಾಗಿ ಬಂದು, ಹೆಸರು, ಗೋವಿನಜೋಳ, ಕಡಲೆ ಮನೆ ಸೇರಿದ ವರ್ಷ ಆ ಪ್ರಾರ್ಥನೆಯ ಜಾಗದಲ್ಲಿ ಅಷ್ಟೇ ತೀವ್ರವಾದ ಸ್ತುತಿ ಕೇಳಿಬರುತ್ತದೆಯೇ? ಹೆಚ್ಚಾಗಿ ಕೇಳಿಬರುವುದು ದರದ ಮಾತು. ದರದ ಮಾತು ತಪ್ಪಲ್ಲ. ಆದರೆ ಅದೊಂದೇ ಮಾತಾಗಿ ಉಳಿದಾಗ ಮೋಶೆಯ ಎಚ್ಚರಿಕೆ ನಮ್ಮ ಹೊಲದ ಬದುವಿಗೇ ಬಂದು ನಿಂತಂತಾಗುತ್ತದೆ.

ಆದಕಾರಣ ಕೃತಜ್ಞತೆಯನ್ನು ನಾವು ಮೊದಲು ಒಂದು ಭಾವನೆಯೆಂದು ತಿಳಿಯದೆ, ನೆನಪಿಟ್ಟುಕೊಳ್ಳುವ ಒಂದು ಅಭ್ಯಾಸವೆಂದು ತಿಳಿಯಬೇಕು. 103ನೆಯ ಕೀರ್ತನೆಯಲ್ಲಿ ಕೀರ್ತನೆಗಾರನು ತನ್ನ ಪ್ರಾಣವನ್ನೇ ಕರೆದು, ಆತನ ಉಪಕಾರಗಳನ್ನು ಮರೆಯಬೇಡವೆಂದು ಅದಕ್ಕೆ ಹೇಳುತ್ತಾನೆ. 136ನೆಯ ಕೀರ್ತನೆಯು 26 ವಚನಗಳಲ್ಲಿಯೂ ಆತನ ಕೃಪೆ ಶಾಶ್ವತವೆಂಬ ಒಂದೇ ಪಲ್ಲವಿಯನ್ನು ಹೇಳುತ್ತದೆ. ಓದುವವರಿಗೆ ಬೇಸರವಾಗುವಷ್ಟು ಸಲ ಹೇಳಿರುವುದು ಕವಿಗೆ ಬೇರೆ ಸಾಲು ಹೊಳೆಯದೆ ಅಲ್ಲ. ಜನರು ಮರೆಯುವ ವೇಗ ಅಷ್ಟಿದೆ.

(ದೃಶ್ಯ: ಹುಬ್ಬಳ್ಳಿಯ ಒಂದು ಓಣಿ, ನಳದ ಮುಂದೆ ಸಾಲಾಗಿ ಇಟ್ಟ ಕೊಡಗಳು, ನೀಲಿ ಬ್ಯಾರಲ್‌ಗಳು)

ನೀರಿನ ಉದಾಹರಣೆಯನ್ನು ನೋಡೋಣ. ಹುಬ್ಬಳ್ಳಿ-ಧಾರವಾಡಕ್ಕೆ ಬಹುಪಾಲು ನೀರು ಬರುವುದು ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿರುವ ನವಿಲುತೀರ್ಥ ಜಲಾಶಯದಿಂದ. ದಿನಗಟ್ಟಲೆ ಕಾದ ಓಣಿಗೆ ನೀರು ಬಿಟ್ಟಾಗ ಇಡೀ ಮನೆಗೆ ಎಚ್ಚರವಾಗುತ್ತದೆ: ಒಬ್ಬರು ಪೈಪು ಹಿಡಿಯುತ್ತಾರೆ, ಒಬ್ಬರು ಬ್ಯಾರಲ್ ತೊಳೆಯುತ್ತಾರೆ, ನಳದಲ್ಲಿ ಮೊದಲು ಬರುವ ಕೆಂಪು ನೀರನ್ನು ಚೆಲ್ಲಿ, ತಿಳಿಯಾದ ಮೇಲೆ ಕುಡಿಯುವ ಕೊಡಕ್ಕೆ ಬಟ್ಟೆ ಕಟ್ಟಿ ತುಂಬುತ್ತಾರೆ. ಆ ಹೊತ್ತಿನಲ್ಲಿ ಪ್ರತಿಯೊಂದು ಕೊಡವೂ ಲೆಕ್ಕಕ್ಕೆ ಸಿಗುತ್ತದೆ. ಇದೇ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ 24 ಗಂಟೆಯೂ ನೀರು ಬರುವ ವ್ಯವಸ್ಥೆಯಾಗಿದೆ. ಅಲ್ಲಿ ನೀರು ಬಂತೆಂದು ಯಾರೂ ಹೇಳುವುದಿಲ್ಲ. ನಿಂತ ದಿನ ಮಾತ್ರ ಹೇಳುತ್ತಾರೆ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ಮೋಶೆ, ನೀವು ತೋಡದ ಬಾವಿಗಳು, ನೀವು ಕಟ್ಟದ ಪಟ್ಟಣಗಳು, ನೀವು ನೆಡದ ದ್ರಾಕ್ಷಿತೋಟಗಳು ನಿಮಗೆ ದೊರೆಯುವಾಗ ಯೆಹೋವನನ್ನು ಮರೆಯದಂತೆ ಎಚ್ಚರವಾಗಿರಿ ಎಂದದ್ದು ಇದನ್ನೇ.

ನಾವು ತೋಡದ ಬಾವಿಗಳು ಈ ಭಾಗದ ಕ್ರೈಸ್ತರಿಗೆ ಬಹಳ ಇವೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆದರು. ಇಂದು ನಾವು ಕುಳಿತುಕೊಳ್ಳುವ ಎಷ್ಟೋ ಪ್ರಾರ್ಥನಾಲಯಗಳು, ನಮ್ಮ ಅಜ್ಜಂದಿರು ಅಕ್ಷರ ಕಲಿತ ಶಾಲೆಗಳು ಆ ಕಾಲದ ಕೆಲಸದಿಂದ ಬಂದವು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಅದರ ಹಿಂದೆ ಅವರಿಗೆ ನೆರವಾದ ಕನ್ನಡ ಪಂಡಿತರ ದುಡಿಮೆಯೂ ಇತ್ತು. ನಮ್ಮ ಸಭೆಗಳ ವಾರ್ಷಿಕೋತ್ಸವಗಳಲ್ಲಿ ಮಿಷನರಿಗಳ ಹೆಸರನ್ನು ಹೇಳುತ್ತೇವೆ, ಆ ಪಂಡಿತರನ್ನು ನೆನೆಯುವುದು ಕಡಿಮೆ. ನಾವು ಪ್ರಾರ್ಥಿಸುವ ಕನ್ನಡವು ನಮಗಿಂತ ಮುಂಚೆ ಶತಮಾನಗಳ ಕಾಲ ಬೇರೆಯವರು ಕಟ್ಟಿಕೊಟ್ಟದ್ದು ಎಂಬುದನ್ನೂ ದೇವರ ಮುಂದೆ ಹೇಳಿಕೊಳ್ಳಬೇಕು. ಹೊಂದದೆ ಇರುವಂಥದ್ದು ನಿನ್ನಲ್ಲಿ ಒಂದಾದರೂ ಉಂಟೋ ಎಂದು ಪೌಲನು ಕೊರಿಂಥದವರನ್ನು ಕೇಳಿದ ಪ್ರಶ್ನೆಗೆ ಯಾರೂ ಉಂಟು ಎಂದು ಉತ್ತರಿಸಲಾರರು.

ಹಾಗಾದರೆ ನಮ್ಮ ಸ್ತುತಿ ದೇವರಿಗೆ ಬೇಕೇ? ಬೇಕಾಗಿಲ್ಲ. 50ನೆಯ ಕೀರ್ತನೆಯಲ್ಲಿ ದೇವರು, ತನಗೆ ಹಸಿವಾದರೂ ನಿಮಗೆ ತಿಳಿಸುವುದಿಲ್ಲ, ಲೋಕವೆಲ್ಲ ತನ್ನದೇ ಎನ್ನುತ್ತಾನೆ. ಅಷ್ಟು ಹೇಳಿ, ಅದೇ ಕೀರ್ತನೆಯಲ್ಲಿ ಸ್ತುತಿಯೆಂಬ ಯಜ್ಞವನ್ನು ಕೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಪೌಲನು ಮನುಷ್ಯರ ಹೃದಯ ಕತ್ತಲಾದ ಬಗೆಯನ್ನು ವಿವರಿಸುವಾಗ, ಅವರು ದೇವರನ್ನು ಅರಿತಿದ್ದರೂ ಆತನನ್ನು ಘನಪಡಿಸಲಿಲ್ಲ, ಆತನ ಉಪಕಾರವನ್ನು ನೆನಸಲಿಲ್ಲ ಎಂಬಲ್ಲಿಂದ ಪ್ರಾರಂಭಿಸುತ್ತಾನೆ. ಕೃತಜ್ಞತೆ ನಿಂತರೆ ಕೆಡುವುದು ನಮ್ಮ ತಿಳಿವಳಿಕೆ.

ಲೂಕನ ಸುವಾರ್ತೆಯ 17ನೆಯ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ ಎಲ್ಲರಿಗೂ ಗೊತ್ತು. ಅದರಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿ ಒಂದಿದೆ. ಹಿಂತಿರುಗಿ ಬಾರದ ಒಂಬತ್ತು ಮಂದಿ ಆಜ್ಞೆಯನ್ನು ಮೀರಿದವರಲ್ಲ. ಯಾಜಕರಿಗೆ ಮೈ ತೋರಿಸಿರಿ ಎಂದು ಯೇಸುವೇ ಹೇಳಿದ್ದನು. ಅವರು ಹಾಗೆಯೇ ಹೋದರು. ಅವರ ವಾಸಿಯನ್ನು ಆತನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ವಿಧಿಯನ್ನು ತಪ್ಪದೆ ನಡೆಸಿ, ವರವನ್ನು ಪಡೆದು, ಕೊಟ್ಟವನ ಕಡೆಗೆ ತಿರುಗದೆ ಹೋಗಲು ಸಾಧ್ಯವಿದೆ. ಪ್ರತಿ ಭಾನುವಾರ ಆರಾಧನೆಗೆ ತಪ್ಪದ ನಮ್ಮಂಥವರನ್ನು ಕುರಿತು ಈ ಪ್ರಸಂಗ ಹೇಳುವುದು ಇದನ್ನೇ. ತಿರುಗಿ ಬಂದವನು ಸಮಾರ್ಯದವನು, ಎಂದರೆ ಹೊರಗಿನವನು.

ಇನ್ನು, ಎಲ್ಲ ಕೃತಜ್ಞತೆಯೂ ಒಳ್ಳೆಯದೆಂದು ತಿಳಿಯಬಾರದು. ಯೇಸು ಹೇಳಿದ ಸಾಮ್ಯದಲ್ಲಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನು ದೇವಾಲಯದಲ್ಲಿ ಮಾಡಿದ್ದೂ ಸ್ತೋತ್ರವೇ; ಸುಂಕದವನಂತೆ ತಾನು ಇಲ್ಲವೆಂದು ಅವನು ದೇವರಿಗೆ ವಂದನೆ ಹೇಳಿದನು. ಸಭೆಯಲ್ಲಿ ದೇವರ ಉಪಕಾರಗಳ ಸಾಕ್ಷಿ ಹೇಳುವ ಸಮಯದಲ್ಲಿ, ಅಪಘಾತದಲ್ಲಿ ಉಳಿದವರೆಲ್ಲ ಸತ್ತರು, ನನ್ನನ್ನು ಮಾತ್ರ ದೇವರು ಉಳಿಸಿದನು ಎಂಬಂಥ ಮಾತು ಸಲೀಸಾಗಿ ಬರುತ್ತದೆ. ಸತ್ತವರ ಮನೆಯವರು ಅದೇ ಬೆಂಚಿನಲ್ಲಿ ಕುಳಿತಿದ್ದರೆ ಆ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು? ಸಾಕ್ಷಿಗಳಲ್ಲಿ ನೌಕರಿ, ಪಾಸಾದ ಪರೀಕ್ಷೆ, ಕೂಡಿಬಂದ ಮದುವೆಗಳೇ ತುಂಬಿರುವುದೂ ನನ್ನ ದೃಷ್ಟಿಯಲ್ಲಿ ಒಂದು ಕೊರತೆ. ಅಂಥದ್ದೇನೂ ಆಗದ ಮನೆಯವರು ತಮಗೆ ಹೇಳಲು ಏನೂ ಇಲ್ಲವೆಂದು ಸುಮ್ಮನಿರುತ್ತಾರೆ.

(ಪರದೆಯ ಮೇಲೆ: ಕೀರ್ತನೆ 13, ಕೀರ್ತನೆ 88, ಹಬಕ್ಕೂಕ 3:17–18)

ಕಷ್ಟದ ವಿಷಯಕ್ಕೆ ಬರೋಣ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಮಣ್ಣಿನ ಗೋಡೆ ಕುಸಿದ ಮನೆಯ ಮುಂದೆ ನಿಂತವರಿಗೆ, ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂಬ ಥೆಸಲೋನಿಕದ ಪತ್ರಿಕೆಯ ವಾಕ್ಯವನ್ನು ಓದಿ ಹೇಳಿ ಹೊರಟುಬಿಡುವುದು ಕ್ರೂರವಾದೀತು. ಮನೆ ಬಿದ್ದದ್ದಕ್ಕಾಗಿ ವಂದನೆ ಹೇಳು ಎಂದು ಆ ವಾಕ್ಯ ಹೇಳುವುದಿಲ್ಲ. ಮನೆ ಬಿದ್ದ ಸ್ಥಿತಿಯಲ್ಲಿಯೂ ದೇವರೊಂದಿಗಿನ ಮಾತು ಮುರಿಯದಿರಲಿ ಎನ್ನುತ್ತದೆ. 13ನೆಯ ಕೀರ್ತನೆ ಮೊದಲ ಎರಡು ವಚನಗಳಲ್ಲಿಯೇ ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳಿ, ಆ ಮೇಲೆಯೇ ಹಾಡಿನ ಮಾತಿಗೆ ಬರುತ್ತದೆ. 88ನೆಯ ಕೀರ್ತನೆ ಹಾಡಿಗೆ ಬರುವುದೇ ಇಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನೂ ಸತ್ಯವೇದದಿಂದ ಯಾರೂ ತೆಗೆದುಹಾಕಿಲ್ಲ. ಲಾಜರನ ಸಮಾಧಿಯ ಬಳಿ ಯೇಸು ಮೊದಲು ಕಣ್ಣೀರು ಬಿಟ್ಟನು, ನಂತರ ತಂದೆಗೆ ಸ್ತೋತ್ರ ಸಲ್ಲಿಸಿದನು. ಆದುದರಿಂದ ದುಃಖದಲ್ಲಿರುವವರನ್ನು ಅವಸರಪಡಿಸುವ ಅಧಿಕಾರ ನಮಗಿಲ್ಲ.

ಆದರೂ ಹಬಕ್ಕೂಕನು ಅಂಜೂರವು ಚಿಗುರದಿದ್ದರೂ, ಎಣ್ಣೆಮರದ ಫಲ ತಪ್ಪಿದರೂ, ಹೊಲಗಳು ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಿಸುವೆನು ಎಂದು ಹೇಳಿದನು. ಇದು ನಷ್ಟವನ್ನು ಮುಚ್ಚಿಡುವ ಮಾತಲ್ಲ, ನಷ್ಟದ ಪಂಚನಾಮೆಯನ್ನು ಒಂದೊಂದಾಗಿ ಓದಿದ ಮೇಲೆ ಹೇಳಿದ ಮಾತು. ಫಿಲಿಪ್ಪಿಯ ಸೆರೆಮನೆಯಲ್ಲಿ ಕಾಲಿಗೆ ಕೋಳ ಹಾಕಿದ್ದಾಗ ನಡುರಾತ್ರಿಯಲ್ಲಿ ಪೌಲನೂ ಸೀಲನೂ ಸ್ತುತಿಪದ ಹಾಡಿದ್ದು ಸಾಧ್ಯವಾದದ್ದು ಆ ರಾತ್ರಿ ಕಲಿತದ್ದರಿಂದಲ್ಲ. ಒಳ್ಳೆಯ ದಿನಗಳಲ್ಲಿ ಹಾಡಿ ಹಾಡಿ ಬಾಯಿಗೆ ಬಂದದ್ದೇ ಅಲ್ಲಿ ಒದಗಿರಬೇಕು. ದಿನನಿತ್ಯದ ಅಭ್ಯಾಸ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

(ದೃಶ್ಯ: ಬ್ಯಾಡಗಿ, ಕಣದಲ್ಲಿ ಹರಡಿದ ಒಣ ಮೆಣಸಿನಕಾಯಿ)

ಸ್ತುತಿ ಬಾಯಿಯಲ್ಲಿ ಮುಗಿಯುವುದೂ ಇಲ್ಲ. ಯಾಜಕಕಾಂಡದ 7ನೆಯ ಅಧ್ಯಾಯದ ಪ್ರಕಾರ ಕೃತಜ್ಞತೆಗಾಗಿ ಅರ್ಪಿಸಿದ ಯಜ್ಞಪಶುವಿನ ಮಾಂಸವನ್ನು ಆ ದಿನವೇ ತಿನ್ನಬೇಕು, ಮರುದಿನಕ್ಕೆ ಉಳಿಸಬಾರದು. ಒಂದು ಕುಟುಂಬ ಇಡೀ ಪ್ರಾಣಿಯನ್ನು ಒಂದೇ ದಿನದಲ್ಲಿ ತಿಂದು ಮುಗಿಸುವುದು ಹೇಗೆ? ನಾಲ್ಕು ಜನರನ್ನು ಕರೆಯಲೇಬೇಕು. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮ ಫಲದ ಪುಟ್ಟಿಯನ್ನು ತಂದವನು ದೇವರ ಸೇವೆಗೆ ಮೀಸಲಾದ ಲೇವಿಯರೊಂದಿಗೂ ಪರದೇಶಿಯೊಂದಿಗೂ ಸಂತೋಷಪಡಬೇಕೆಂದಿದೆ. ನಮ್ಮ ಸಭೆಗಳ ಬೆಳೆಹಬ್ಬದಲ್ಲಿ ಜೋಳದ ತೆನೆ, ಕುಂಬಳಕಾಯಿ, ಕೋಳಿಗಳನ್ನು ಅರ್ಪಿಸಿ, ಆರಾಧನೆಯ ನಂತರ ಹರಾಜು ಕೂಗುವಾಗ ಒಂದು ತೆಂಗಿನಕಾಯಿಗೆ ಪೇಟೆಯ ಹತ್ತು ಪಟ್ಟು ಕೂಗಿ ನಗುವುದು ಇದೇ ಸಂಪ್ರದಾಯದ ಸೊಗಸಾದ ಮುಂದುವರಿಕೆ. ಆದರೆ ಆ ಬೆಳೆಯನ್ನು ಕಿತ್ತವರು ಯಾರು? ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು ಘಾಟಿನಲ್ಲಿ ಕೂತು ದುಡಿಯುತ್ತಾರೆ. ಸಂಜೆ ಅದೇ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿಲ್ಲ. ಅಂಥವರ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ಅದೇ ಧರ್ಮೋಪದೇಶಕಾಂಡ ಆಜ್ಞಾಪಿಸುತ್ತದೆ. ಕೂಲಿಯನ್ನು ಮುಂದಿನ ವಾರಕ್ಕೆ ತಳ್ಳಿ, ಭಾನುವಾರ ಕೃತಜ್ಞತಾ ಕಾಣಿಕೆಯ ಲಕೋಟೆಗೆ ಹಣ ಹಾಕಿದರೆ ಅದು ಬೇರೆಯವರ ಹಣವನ್ನು ಹಾಕಿದಂತೆ.

ಅಭ್ಯಾಸವನ್ನು ಹೇಗೆ ಆರಂಭಿಸಬೇಕು? ಮಾರ್ಟಿನ್ ಲೂಥರನು 1529ರಲ್ಲಿ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಊಟದ ಮೊದಲಿಗೂ ನಂತರಕ್ಕೂ ಪ್ರಾರ್ಥನೆಗಳನ್ನು ಕೊಟ್ಟನು. ಅನುದಿನದ ಆಹಾರ ಎಂದರೆ ಏನೆಂದು ವಿವರಿಸುತ್ತಾ ಅನ್ನ, ಬಟ್ಟೆ, ಪಾದರಕ್ಷೆ, ಮನೆ, ಹೊಲ, ದನಕರು, ಒಳ್ಳೆಯ ಸರಕಾರ, ಒಳ್ಳೆಯ ಹವೆ, ನಂಬಿಗಸ್ತರಾದ ನೆರೆಹೊರೆಯವರು ಎಂದು ಪಟ್ಟಿ ಮಾಡಿದನು. ಪಾದರಕ್ಷೆಯೂ ಪಟ್ಟಿಯಲ್ಲಿದೆ ಎಂಬುದು ಮುಖ್ಯ. ಎಲ್ಲದಕ್ಕಾಗಿ ಸ್ತೋತ್ರ ಎಂಬ ಒಟ್ಟು ಮಾತಿನಲ್ಲಿ ಯಾವುದೂ ನೆನಪಾಗುವುದಿಲ್ಲ. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಆ ದಿನ ನಡೆದ ಒಂದೇ ಸಂಗತಿಯನ್ನು, ಅದಕ್ಕೆ ಕಾರಣರಾದವರ ಹೆಸರಿನೊಂದಿಗೆ ಹೇಳಲಿ: ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರು, ನೋಟ್ಸ್ ಕೊಟ್ಟ ಗೆಳತಿ, ಚಿಲ್ಲರೆ ಇಲ್ಲದಿದ್ದರೂ ಹಾಲು ಕೊಟ್ಟ ಅಂಗಡಿಯವರು. ಹೇಳಲು ಏನೂ ಇಲ್ಲದ ದಿನ ಸುಮ್ಮನಿರಬಹುದು, ಮಕ್ಕಳನ್ನು ಒತ್ತಾಯಿಸಬಾರದು.

ಖಾನಾವಳಿಯಲ್ಲಿ, ಆಫೀಸಿನಲ್ಲಿ ಇತರರ ಮುಂದೆ ಪ್ರಾರ್ಥಿಸಿ ಉಣ್ಣಬೇಕೇ ಎಂದು ಯುವಕರು ಕೇಳುತ್ತಾರೆ. ಜನರು ನೋಡಲೆಂದು ಮಾಡುವ ಪ್ರಾರ್ಥನೆಯನ್ನು ಯೇಸು ಖಂಡಿಸಿದ್ದಾನೆ. ಆದರೆ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ, 14 ದಿನ ಬಿರುಗಾಳಿಗೆ ಸಿಕ್ಕಿದ್ದ ಹಡಗಿನಲ್ಲಿ ಕೈದಿಯಾಗಿದ್ದ ಪೌಲನು ಸಿಪಾಯಿಗಳೂ ನಾವಿಕರೂ ಸೇರಿ 276 ಮಂದಿ ಇದ್ದಲ್ಲಿ ರೊಟ್ಟಿ ತೆಗೆದುಕೊಂಡು, ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಮಾಡಿ, ಮುರಿದು ತಿನ್ನತೊಡಗಿದನು; ಅದನ್ನು ನೋಡಿ ಉಳಿದವರೂ ಧೈರ್ಯ ತಂದುಕೊಂಡು ಉಂಡರು. ಅವನು ಭಾಷಣ ಮಾಡಿ ಅವರ ಊಟವನ್ನು ತಡಮಾಡಲಿಲ್ಲ. ನೆರೆಮನೆಯ ಲಿಂಗಾಯತರೋ ಮುಸಲ್ಮಾನರೋ ಊಟಕ್ಕೆ ಕರೆದಾಗಲೂ ಹೀಗೆಯೇ. ಎಡೆ ಹಿಡಿದ ಪ್ರಸಾದದ ಪ್ರಶ್ನೆ ಬೇರೆ. ವಿಗ್ರಹಗಳಿಗೆ ಅರ್ಪಿಸಿದ ಆಹಾರವನ್ನು ಕುರಿತು ಪೌಲನು ಕೊರಿಂಥದ ಮೊದಲ ಪತ್ರಿಕೆಯ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಚರ್ಚಿಸಿದ್ದಾನೆ, ಅದನ್ನು ಇನ್ನೊಂದು ವಿಡಿಯೋದಲ್ಲಿ ನೋಡೋಣ. ಊಟದ ಮಟ್ಟಿಗೆ ಹೇಳುವುದಾದರೆ, ದೇವರಿಗೆ ಮನಸ್ಸಿನಲ್ಲಿ ಸ್ತೋತ್ರ ಹೇಳಿ ಉಣ್ಣಿರಿ. ಉಂಡ ಮೇಲೆ ಅಡುಗೆ ಮಾಡಿದವರಿಗೆ, ಹೋಳಿಗೆ ಭಾಳ ಚಲೋ ಆಗಿದ್ವುರಿ ಅಕ್ಕಾರ ಎಂದು ಬಾಯಿಬಿಟ್ಟು ಹೇಳಿರಿ. ಮೊದಲನೆಯದು ಆಯಿತೆಂದು ಎರಡನೆಯದನ್ನು ಬಿಡುವಂತಿಲ್ಲ.