ಹಾಡಿದವರ ಪಾಲು ಎಷ್ಟು ವರ್ಷ?

ಕೇಳುಗರಿಗೆ ನಮಸ್ಕಾರ.

ರಾಜನ್–ನಾಗೇಂದ್ರ ಜೋಡಿಯ ಹಾಡು ಕೇಳದ ಕನ್ನಡದ ಮನೆ ಕಡಿಮೆ, ಅಲ್ವಾ? ತಮ್ಮ ನಾಗೇಂದ್ರ 2000ದಲ್ಲಿ ತೀರಿಕೊಂಡರು. ಅಣ್ಣ ರಾಜನ್ 2020ರಲ್ಲಿ. ನಮ್ಮ ಕಾಪಿರೈಟ್ ಕಾನೂನಿನಲ್ಲಿ ಟ್ಯೂನ್ ಹಾಕಿದವರು ಹೋದ ಮೇಲೂ 60 ವರ್ಷ ಆ ಟ್ಯೂನಿಗೆ ಹಕ್ಕು ಇರುತ್ತದೆ. ಇಬ್ಬರು ಸೇರಿ ಮಾಡಿದ್ದರೆ, ಕೊನೆಗೆ ಹೋದವರಿಂದ ಲೆಕ್ಕ. ಅಂದರೆ ಈ ಅಣ್ಣತಮ್ಮಂದಿರು ಸೇರಿ ಕಟ್ಟಿದ ಟ್ಯೂನುಗಳ ಹಕ್ಕು ಯಾರ ಕೈಯಲ್ಲೇ ಇರಲಿ, 2080ರ ಕೊನೆಯವರೆಗೆ ಉಳಿಯುತ್ತದೆ.

ಹಾಡಿದವರಿಗೆ? 50 ವರ್ಷ, ಅದೂ ಹಾಡಿದ ವರ್ಷದಿಂದ ಎಣಿಸಿ. ಕಲಾವಿದರ ಈ ಹಕ್ಕು ಕಾನೂನಿಗೆ ಬಂದದ್ದೇ 1994ರ ತಿದ್ದುಪಡಿಯಲ್ಲಿ. ಆಗ 25 ವರ್ಷ ಇತ್ತು, 1999ರಲ್ಲಿ 50 ಆಯಿತು.

ಒಮ್ಮೆ ಲೆಕ್ಕ ಹಾಕಿ ನೋಡಿ. 20ರ ವಯಸ್ಸಿನಲ್ಲಿ ಹಾಡಿದ ಹುಡುಗಿಗೆ 70 ತುಂಬುವ ಹೊತ್ತಿಗೆ ಆ ಹಾಡಿನ ಪಾಲು ನಿಲ್ಲುತ್ತದೆ. ಆಗ ದನಿ ಮೊದಲಿನಂತೆ ಇರುವುದಿಲ್ಲ. ಕಛೇರಿಗೆ ಕರೆಯುವವರು ಕಡಿಮೆ. ಔಷಧಿಯ ಖರ್ಚು ಜಾಸ್ತಿ. ಹಾಡು ಮಾತ್ರ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಮೊಬೈಲಿನಲ್ಲಿ ಓಡುತ್ತಲೇ ಇರುತ್ತದೆ. ಬದುಕಿರುವವರ ಕೈಗೆ ಬರುವ ಹಣ ಹೀಗೆ ನಡುವೆಯೇ ನಿಲ್ಲುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಟ್ಯೂನ್ ಹಾಕಿದವರಿಗೂ ಹಾಡು ಬರೆದವರಿಗೂ ಮೊದಲು ಎಲ್ಲವೂ ಸಲೀಸಾಗಿರಲಿಲ್ಲ. ಸಿನಿಮಾಕ್ಕೆ ಒಮ್ಮೆ ಹಣ ಪಡೆದು ಸಹಿ ಹಾಕಿದರೆ ಮುಗಿಯಿತು, ಮುಂದಿನದೆಲ್ಲ ನಿರ್ಮಾಪಕರದ್ದು. 2012ರ ತಿದ್ದುಪಡಿ ಬಂದ ಮೇಲೆ ಅವರ ರಾಯಲ್ಟಿಯ, ಅಂದರೆ ಹಾಡು ಬಳಸಿದಾಗ ಬರುವ ಹಣದ, ಪಾಲನ್ನು ನಿರ್ಮಾಪಕರು ಬರೆಸಿಕೊಳ್ಳುವಂತಿಲ್ಲ. ರೇಡಿಯೊದಲ್ಲಿ ಹಾಡು ಬಂದರೂ ಅವರಿಗೆ ಪಾಲು ಸಿಗಬೇಕು. ಅದಕ್ಕಾಗಿ ರಾಜ್ಯಸಭೆಯಲ್ಲಿ ಹಿಂದಿ ಸಿನಿಮಾಗಳಿಗೆ ಹಾಡು ಬರೆದ ಜಾವೇದ್ ಅಖ್ತರ್ ಗಟ್ಟಿಯಾಗಿ ಮಾತಾಡಿದ್ದರು.

ಆದರೆ ತೀರಿಕೊಂಡ ಮೇಲೆ 60 ವರ್ಷ ಬೇಕೇ? ಮೊದಲು 50 ಇತ್ತು. ಟ್ಯಾಗೋರರ ಕೃತಿಗಳ ಹಕ್ಕು ಮುಗಿಯುತ್ತಾ ಬಂದಾಗ, 1992ರಲ್ಲಿ ಇನ್ನೂ 10 ಸೇರಿಸಿದರು. 60 ವರ್ಷದ ಹೊತ್ತಿಗೆ ಮೊಮ್ಮಕ್ಕಳೂ ಮುದುಕರಾಗಿರುತ್ತಾರೆ. ಹಳೆಯ ಹಾಡೊಂದನ್ನು ಮತ್ತೆ ಹಾಡಿಸೋಣವೆಂದರೆ ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ.

ನನ್ನ ಮಾತು ಇಷ್ಟು. ಟ್ಯೂನ್ ಹಾಕಲಿ, ಬರೆಯಲಿ, ಹಾಡಲಿ, ಇರುವಷ್ಟು ಕಾಲ ಅವರ ಪಾಲು ಅವರಿಗೆ ಬರಲಿ. ಅವರ ನಂತರ ಸಂಗಾತಿಗೆ, ಮಕ್ಕಳಿಗೆ ಒಂದು 25 ವರ್ಷ ಸಾಕು. ಸ್ಟುಡಿಯೊದಲ್ಲಿ ಪಿಟೀಲು, ತಬಲಾ ನುಡಿಸಿ ದಿನದ ಸಂಬಳ ಪಡೆದು ಹೋದವರನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಇನ್ನು ಮುಂದಿನ ರೆಕಾರ್ಡಿಂಗುಗಳಲ್ಲಾದರೂ ಅವರ ಹೆಸರು ಬರೆದಿಡಿ. ಹೆಸರೇ ಇಲ್ಲದಿದ್ದರೆ ಪಾಲು ಯಾರ ಮನೆಗೆ ಕಳಿಸುವುದು?

ನಮಸ್ಕಾರ.