ಸಿನಿಮಾ ನೋಡಿ ಬಂದವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ

ಕೇಳುಗರೇ, ನಮಸ್ಕಾರ.

ವಿಜ್ಞಾನ ಕಥೆಗಳ ಅಭಿಮಾನಿಗಳಲ್ಲಿ ಒಂದು ಹಳೇ ಪಂಕ್ತಿಭೇದ ಇದೆ. ಪುಸ್ತಕ ಓದುವವರಿಗೆ ಒಳಗೆ ಎಲೆ, ಸಿನಿಮಾ ಸೀರಿಯಲ್ ನೋಡುವವರಿಗೆ ಹೊರಗೆ.

ಮೊನ್ನೆ ಚರ್ಚ್ ಸ್ಟ್ರೀಟಿನ ಒಂದು ಪುಸ್ತಕದಂಗಡಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಕಾಲೇಜು ಹುಡುಗಿಯೊಬ್ಬಳು ಆರ್ಥರ್ ಸಿ. ಕ್ಲಾರ್ಕ್ ಬರೆದ '2001: ಎ ಸ್ಪೇಸ್ ಒಡಿಸ್ಸಿ' ಹಿಡಿದು ನಿಂತಿದ್ದಳು. ಬ್ಯಾಗಿನ ಜಿಪ್ಪಿಗೆ ಪುಟ್ಟ ರೋಬೋಟ್ ಗೊಂಬೆ ನೇತಾಡುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, 'ಏನಮ್ಮಾ, ಸಿನಿಮಾ ನೋಡಿ ಬಂದ್ಯಾ?' ಎಂದರು. ಅವಳು ಹೂಂ ಅಂದಳು. 'ಹಾಗಾದ್ರೆ ಇದು ನಿಂಗೆ ಕಷ್ಟ ಬಿಡು' ಅಂದರು. ಹುಡುಗಿ ಪುಸ್ತಕ ಇಟ್ಟು ಹೊರಟೇ ಹೋದಳು. ನನಗೆ ತುಂಬಾ ಬೇಜಾರಾಯಿತು.

ಆ ಪುಸ್ತಕದ ಹಿನ್ನೆಲೆಯನ್ನೇ ನೋಡಿ. ಕ್ಲಾರ್ಕ್ ಮತ್ತು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಜೊತೆಗೆ ಕೂತು ಕಥೆ ಕಟ್ಟಿದರು. 1968ರಲ್ಲಿ ಸಿನಿಮಾನೂ ಬಂತು, ಕಾದಂಬರಿಯೂ ಬಂತು. ಕಾದಂಬರಿಯಲ್ಲಿ ನೌಕೆ ಶನಿಗ್ರಹದವರೆಗೆ ಹೋಗುತ್ತದೆ. ಸಿನಿಮಾದಲ್ಲಿ ಗುರುಗ್ರಹದ ಹತ್ತಿರವೇ ನಿಲ್ಲುತ್ತದೆ. ಯಾಕೆಂದರೆ, ಶನಿಯ ಉಂಗುರಗಳನ್ನು ನಂಬುವ ಹಾಗೆ ತೆರೆಗೆ ತರುವುದು ಆಗಿನ ತಂತ್ರಜ್ಞರ ಕೈಲಿ ಆಗಲಿಲ್ಲ. ಸಿನಿಮಾದವರು ಕೆಡಿಸಿದರು ಅನ್ನೋಣವಾ? ಆದರೆ 1982ರಲ್ಲಿ ಮುಂದಿನ ಭಾಗ ಬರೆಯುವಾಗ ಕ್ಲಾರ್ಕ್ ತಮ್ಮದೇ ಶನಿಯನ್ನು ಬಿಟ್ಟು ಸಿನಿಮಾದ ಗುರುವನ್ನು ಹಿಡಿದರು. ಅಷ್ಟರಲ್ಲಿ, 1979ರಲ್ಲಿ, ನಾಸಾದ ವಾಯೇಜರ್ ನೌಕೆಗಳು ಗುರುವಿನ ಚಂದ್ರರ ಚಿತ್ರಗಳನ್ನೂ ಕಳಿಸಿದ್ದವು. ಬರೆದವರಿಗೇ ಇಲ್ಲದ ಮಡಿ ನಮಗೇಕೆ?

ಅಮೆರಿಕದಲ್ಲೂ ಇದೇ ಕಥೆ. 1966ರಲ್ಲಿ 'ಸ್ಟಾರ್ ಟ್ರೆಕ್' ಎಂಬ ಬಾಹ್ಯಾಕಾಶದ ಸೀರಿಯಲ್ ಟೀವಿಗೆ ಬಂತು. ಅದರ ಅಭಿಮಾನಿಗಳನ್ನು ಹಳೇ ಓದುಗರಲ್ಲಿ ಎಷ್ಟೋ ಜನ ಹಗುರವಾಗಿ ಕಂಡರು. ಹಾಗೆ ಹೊಸದಾಗಿ ಬಂದವರಲ್ಲಿ ಹೆಂಗಸರು ಬಹಳ ಇದ್ದರು. ಆ ತಾತ್ಸಾರಕ್ಕೆ ಅದೂ ಒಂದು ಕಾರಣ ಅಂತ ನನಗನಿಸುತ್ತದೆ. ಸೀರಿಯಲ್ ನಿಲ್ಲುತ್ತೆ ಅಂದಾಗ ಇವರೇ ರಾಶಿ ರಾಶಿ ಕಾಗದ ಬರೆದರು. ತಾವೇ ಪತ್ರಿಕೆ ತಂದು ಕಥೆ ಬರೆದರು. ಸುಮ್ನೆ ನೋಡಿ ಎದ್ದು ಹೋಗುವವರು ಮಾಡುವ ಕೆಲಸವಾ ಇದು?

ಓದಿನಲ್ಲಿ ಸಿಗುವುದು ಬೇರೆ, ಒಪ್ಪುತ್ತೇನೆ. '2001'ರ ನೌಕೆಯಲ್ಲಿರುವ ಹ್ಯಾಲ್ ಎಂಬ ಕಂಪ್ಯೂಟರ್ ಯಾಕೆ ಕೊಲೆಗೆ ಇಳಿಯಿತು? ಪ್ರಯಾಣದ ನಿಜವಾದ ಉದ್ದೇಶವನ್ನು ಮುಚ್ಚಿಡಬೇಕಾಗಿ ಬಂದದ್ದು ಅದನ್ನು ಒಳಗೊಳಗೇ ಹಿಂಡಿತು ಅಂತ ಕಾದಂಬರಿ ಬಿಡಿಸಿ ಹೇಳುತ್ತದೆ. ಸಿನಿಮಾ ಅದನ್ನು ಬಿಡಿಸಿ ಹೇಳುವುದಿಲ್ಲ, ಮಿಟುಕದ ಆ ಕೆಂಪು ಕಣ್ಣನ್ನು ತೋರಿಸುತ್ತದೆ. ಅದನ್ನು ನೋಡಿ ಹೆದರಿದವರಿಗೇ ಅಲ್ವಾ ಕಾರಣ ತಿಳಿಯುವ ಆಸೆ ಜಾಸ್ತಿ? ಆ ಹುಡುಗಿ ಬಂದದ್ದೂ ಅದಕ್ಕೇ ಇರಬೇಕು.

ಕನ್ನಡದಲ್ಲಂತೂ ವಿಜ್ಞಾನ ಕಥೆ ಓದುವವರೇ ಕಡಿಮೆ. ಕನ್ನಡದಲ್ಲಿ ವಿಜ್ಞಾನ ಕಥೆ ಬರೆದ ರಾಜಶೇಖರ ಭೂಸನೂರಮಠರ ಹೆಸರು ಕೇಳದ ಇಂಜಿನಿಯರುಗಳು ಬೆಂಗಳೂರಲ್ಲಿ ಎಷ್ಟೋ ಜನ. ಆದರೆ ಬಾಹ್ಯಾಕಾಶದ ಸಿನಿಮಾ ಬಂದರೆ ಮೊದಲ ದಿನವೇ ಟಿಕೆಟ್ ತೆಗೆಯುವವರೂ ಅವರೇ. ನಮಗೆ ಹೊಸ ಓದುಗರು ಸಿಗಬೇಕಾದ್ದು ಅಲ್ಲಿಂದ. ಹಾಗಾಗಿ ಯಾರಾದರೂ 'ನಾನು ಸಿನಿಮಾ ಅಷ್ಟೇ ನೋಡಿರೋದು' ಅಂದರೆ, ಯಾವ ದೃಶ್ಯ ಹಿಡಿಸಿತು ಅಂತ ಕೇಳಿ. ಪೂರ್ತಿ ಹೇಳಲಿ. ಆಮೇಲೆ ನಿಮ್ಮ ಕಪಾಟಿನಲ್ಲಿರುವ ಭೂಸನೂರಮಠರ ಪುಸ್ತಕವನ್ನು ಅವರ ಕೈಗೆ ಕೊಡಿ.

ನಮಸ್ಕಾರ.