ಒಂದು ಸಾಲು ಅಂದರೆ ಏನು?

ಕೇಳುಗರಿಗೆ ನಮಸ್ಕಾರ.

ಹನುಮಂತನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸ್, ಕುಚ್ಚು, ಇವೇ ಕೆಲಸ. ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ಒಂದು ಪುಸ್ತಕ ಇಟ್ಟುಕೊಂಡು ಡೇಟಾಬೇಸ್ ಪ್ರೋಗ್ರಾಮಿಂಗ್ ಕಲಿಯಲು ಶುರು ಮಾಡಿದೆ. ಕ್ಲಾಸಿಗೆ ಹೋಗಲಿಲ್ಲ. ರಾತ್ರಿ ಶಟರ್ ಎಳೆದ ಮೇಲೆ, ಕಟಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ದಿನಕ್ಕೆ ಮುಕ್ಕಾಲು ಗಂಟೆ. ಆ ಕಲಿಕೆಯ ವಿಷಯ ಇವತ್ತು ಹೇಳುತ್ತೇನೆ. ಕಂಪ್ಯೂಟರ್ ಓದದೆ ಇರುವವರು, ಆದರೆ ಕಲಿಯುವ ಆಸೆ ಇರುವವರು ಯಾರಾದರೂ ಕೇಳುತ್ತಿದ್ದರೆ, ಇದು ನಿಮಗೋಸ್ಕರ.

ಇದಕ್ಕೆಲ್ಲ ಕಾರಣ ನನ್ನ ಅಳತೆ ಪುಸ್ತಕ. ಟೈಲರ್‌ಗೆ ಅದು ಪ್ರಾಣ ಇದ್ದ ಹಾಗೆ. ನನ್ನ ಹತ್ತಿರ ಹದಿನಾಲ್ಕು ಪುಸ್ತಕ ಸೇರಿದ್ದವು. ಯಾರಾದರೂ ಬಂದು, "ಅಕ್ಕಾ, ಹೋದ ಸಲದ ಅಳತೆಗೇ ಹೊಲಿದುಬಿಡಿ" ಅನ್ನುತ್ತಾರೆ. ಹೋದ ಸಲ ಅಂದರೆ ಯಾವಾಗ? ಯುಗಾದಿಗಾ, ಹೋದ ವರ್ಷದ ದಸರಾಕ್ಕಾ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಆಗ ನಾನು ಹೊಲಿಯುವುದಕ್ಕಿಂತ ಪುಟ ತಿರುವುವುದೇ ಜಾಸ್ತಿ ಆಗುತ್ತಿತ್ತು.

ಲೈನಿಂಗ್ ಬಟ್ಟೆ, ಹುಕ್ಕು, ದಾರ ತರಲು ಚಿಕ್ಕಪೇಟೆಗೆ ಹೋಗುತ್ತಿರುತ್ತೇನೆ. ಪಕ್ಕದಲ್ಲೇ ಅವೆನ್ಯೂ ರಸ್ತೆ, ಅಲ್ಲಿ ಹಳೇ ಪುಸ್ತಕಗಳ ರಾಶಿ. ಒಂದು ದಿನ ಅಲ್ಲಿ ಡೇಟಾಬೇಸ್ ಕಲಿಸುವ ಈ ಪುಸ್ತಕ ಸಿಕ್ಕಿತು. ಇಂಗ್ಲಿಷಿನದ್ದು, ಹೊಸಬರಿಗೆ ಅಂತಲೇ ಬರೆದದ್ದು. 120 ರೂಪಾಯಿ ಕೊಟ್ಟೆ. ನಾನು ಓದಿದ್ದು ಕನ್ನಡ ಮೀಡಿಯಂ, ಪಿಯುಸಿವರೆಗೆ. ಪುಟ ತೆರೆದು ನೋಡಿದರೆ ವಾಕ್ಯಗಳು ಚಿಕ್ಕ ಚಿಕ್ಕದಾಗಿದ್ದವು. ಅದೇ ಧೈರ್ಯ. ಮೊದಲು ಯಾರ ಹತ್ತಿರ ಇತ್ತೋ, ಅವರು ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಂಡಿದ್ದರು. ಐದನೇ ಅಧ್ಯಾಯದ ಮೊದಲ ಪುಟದವರೆಗೆ ಗೆರೆ ಇತ್ತು. ಆಮೇಲೆ ಪುಸ್ತಕ ಪೂರ್ತಿ ಹೊಸದರ ಹಾಗೇ ಇತ್ತು. ಆ ಐದನೇ ಅಧ್ಯಾಯಕ್ಕೆ ಆಮೇಲೆ ಬರುತ್ತೇನೆ.

ತಂಗಿಯ ಮಗ ಬಿಟ್ಟುಕೊಟ್ಟ ಹಳೇ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಅದರಲ್ಲಿ ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿಕೊಂಡೆ. ದುಡ್ಡು ಕೊಡಬೇಕಾಗಿಲ್ಲ. 2000ನೇ ಇಸವಿಯಿಂದ ಇರುವ ಸಾಫ್ಟ್‌ವೇರ್ ಅದು. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಅದೇ ಇದೆ. ನಿಮ್ಮ ಡೇಟಾಬೇಸ್ ಪೂರ್ತಿ ಒಂದೇ ಒಂದು ಫೈಲ್. ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿ ಇಟ್ಟರೆ ಬ್ಯಾಕಪ್ ಆಯಿತು. ಹೊಸಬರಿಗೆ ಇದಕ್ಕಿಂತ ಅನುಕೂಲದ್ದು ಬೇಡ ಅಂತ ನನಗೆ ಅನ್ನಿಸುತ್ತದೆ.

ಇಂಥ ಡೇಟಾಬೇಸ್‌ನಲ್ಲಿ ಮಾಹಿತಿ ಇಡುವುದು ಟೇಬಲ್‌ಗಳಲ್ಲಿ, ಅಂದರೆ ಗೆರೆ ಹಾಕಿದ ಪಟ್ಟಿಗಳಲ್ಲಿ. ಈ ಟೇಬಲ್‌ಗಳ ಯೋಚನೆ ಬಂದದ್ದು 1970ರಲ್ಲಿ. ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಅನ್ನುವ ಗಣಿತ ಬಲ್ಲವರು ಒಂದು ಲೇಖನ ಬರೆದರು. ಅದಕ್ಕೂ ಮುಂಚೆ, ಬೇಕಾದ ಮಾಹಿತಿ ಎಲ್ಲಿದೆ, ಯಾವ ದಾರಿ ಹಿಡಿದು ಅಲ್ಲಿಗೆ ಹೋಗಬೇಕು ಅನ್ನುವುದನ್ನು ಪ್ರೋಗ್ರಾಂ ಬರೆಯುವವರೇ ಹೇಳಬೇಕಿತ್ತು. ಎಲ್ಲವನ್ನೂ ಸಾಲು, ಕಾಲಂ ಇರುವ ಟೇಬಲ್‌ನಲ್ಲಿ ಇಡಿ, ಏನು ಬೇಕು ಅಂತ ಮಾತ್ರ ಕೇಳಿ, ದಾರಿಯನ್ನು ಮಿಷನ್ನೇ ಹುಡುಕಿಕೊಳ್ಳಲಿ ಅನ್ನುವುದು ಕಾಡ್ ಅವರ ಯೋಚನೆ. ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಅನ್ನುವ ಇಬ್ಬರು ಹಾಗೆ ಕೇಳುವುದಕ್ಕೆ ಒಂದು ಭಾಷೆ ಮಾಡಿ 1974ರಲ್ಲಿ ಮುಂದಿಟ್ಟರು. ಮೊದಲು ಅದರ ಹೆಸರು ಸೀಕ್ವೆಲ್, ಆಮೇಲೆ ಎಸ್‌ಕ್ಯುಎಲ್ ಆಯಿತು. ಇವತ್ತಿಗೂ ಜನ ಎರಡೂ ಹೆಸರು ಹೇಳುತ್ತಾರೆ.

ಈ ಭಾಷೆಯಲ್ಲಿ ಒಂದು ಪ್ರಶ್ನೆ ಹೀಗಿರುತ್ತದೆ. ಸೆಲೆಕ್ಟ್ ಹೆಸರು, ಫ್ರಮ್ ಗಿರಾಕಿ, ವೇರ್ ಬಾಕಿ ಸೊನ್ನೆಗಿಂತ ಜಾಸ್ತಿ. ನನಗೆ ಇದು ಹದಿನೈದು ದಿನ ತಲೆಗೆ ಹತ್ತಲಿಲ್ಲ. ಒಂದು ರಾತ್ರಿ ಅದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಕೊಂಡೆ. "ಗಿರಾಕಿಗಳ ಪಟ್ಟಿಯಿಂದ, ಬಾಕಿ ಇರುವವರ, ಹೆಸರು ಕೊಡು." ನೋಡಿ, ನಮ್ಮ ಮಾತಿನಲ್ಲಿ ಪಟ್ಟಿ ಮೊದಲು ಬಂತು, ಯಾರು ಅನ್ನುವುದು ಆಮೇಲೆ ಬಂತು, ಹೆಸರು ಕೊನೆಗೆ ಬಂತು. ಪುಸ್ತಕದಲ್ಲಿ ನಾಲ್ಕು ಪುಟ ಮುಂದೆ ಹೋದರೆ ಬರೆದಿದ್ದಾರೆ. ಇಂಥ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಬೇಕಾದದ್ದು ಫ್ರಮ್ ಮೊದಲು, ವೇರ್ ಆಮೇಲೆ, ಸೆಲೆಕ್ಟ್ ಕೊನೆಗೆ, ಅಂತ. ಅಂದರೆ ನಾವು ಕನ್ನಡದಲ್ಲಿ ಕೇಳುವ ಕ್ರಮವೇ ಅದು! ಆ ರಾತ್ರಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅವತ್ತಿನಿಂದ ಪ್ರತಿ ಪ್ರಶ್ನೆಯನ್ನೂ ಮೊದಲು ಕನ್ನಡದಲ್ಲಿ ಹೇಳಿಕೊಂಡು, ಆಮೇಲೆ ಟೈಪ್ ಮಾಡುತ್ತೇನೆ.

ಪುಸ್ತಕದ ಉದಾಹರಣೆಗಳೆಲ್ಲ ಒಂದು ಆಫೀಸಿನವು. ನೌಕರರು, ಅವರ ಸಂಬಳ, ಅವರ ಡಿಪಾರ್ಟ್‌ಮೆಂಟು. ಮೊದಲ ತಿಂಗಳು ಅವನ್ನೇ ಟೈಪ್ ಮಾಡಿದೆ. ಉತ್ತರವೂ ಬರುತ್ತಿತ್ತು. ಆದರೆ ಬಂದ ಉತ್ತರ ಸರಿಯೋ ತಪ್ಪೋ ಅಂತ ನನಗೆ ಹೇಗೆ ಗೊತ್ತಾಗಬೇಕು? ಆ ಸಂಬಳಗಳನ್ನು ನಾನು ಕಂಡವಳೇ? ನನ್ನ ಅಂಗಡಿಯ ಲೆಕ್ಕ ಹಾಕಲು ಶುರು ಮಾಡಿದ ಮೇಲೆ ವಿಷಯವೇ ಬೇರೆ ಆಯಿತು. ಯಾರ ಬಾಕಿ ಎಷ್ಟು, ಯಾರ ಬ್ಲೌಸ್ ಕಪಾಟಿನಲ್ಲಿದೆ ಅನ್ನುವುದು ನನಗೆ ಬಾಯಿಪಾಠ. ಪರದೆ ಮೇಲೆ ತಪ್ಪು ಬಂದರೆ ತಕ್ಷಣ ಕಾಣುತ್ತದೆ. ಆದ್ದರಿಂದ ನಾನು ಒತ್ತಿ ಹೇಳುವುದು ಇಷ್ಟೇ. ಮೊದಲ ಆರು ತಿಂಗಳು, ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಡೇಟಾಬೇಸ್‌ಗೆ ಕೇಳಿ. ಹಾಲಿನ ಲೆಕ್ಕ ಇರಲಿ, ಚೀಟಿ ಲೆಕ್ಕ ಇರಲಿ, ಅದು ನಿಮ್ಮದೇ ಆಗಿರಲಿ.

ನನ್ನ ಅಳತೆ ಪುಸ್ತಕವನ್ನು ಟೇಬಲ್ ಮಾಡಲು ಕೂತಾಗ ಮೊದಲು ಎದುರಾದವರು ಮೂರು ಜನ ಲಕ್ಷ್ಮಿಯರು. ಲಕ್ಷ್ಮಿ ಟೀಚರ್, ನೀಲಿ ಗೇಟಿನ ಲಕ್ಷ್ಮಿ, ಗಿರಿಯ ಅಮ್ಮ ಲಕ್ಷ್ಮಿ. ಹೆಸರಿನಿಂದ ಗುರುತು ಹಿಡಿಯುವ ಹಾಗಿಲ್ಲ. ಫೋನ್ ನಂಬರ್ ಇಟ್ಟುಕೊಳ್ಳೋಣ ಅಂದರೆ, ನೀಲಿ ಗೇಟಿನ ಮನೆಯಲ್ಲಿ ಅಮ್ಮ, ಮಗಳು ಇಬ್ಬರೂ ಒಂದೇ ನಂಬರ್ ಕೊಟ್ಟಿದ್ದರು. ಕೊನೆಗೆ ಪುಸ್ತಕ ಹೇಳಿದ ಹಾಗೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟೆ. ಅದಕ್ಕೆ ಪ್ರೈಮರಿ ಕೀ ಅನ್ನುತ್ತಾರೆ. ಲಕ್ಷ್ಮಿ ಟೀಚರ್ ನಂಬರ್ 41. ಅವರು ಮನೆ ಬದಲಾಯಿಸಲಿ, ಫೋನ್ ಬದಲಾಯಿಸಲಿ, 41 ಬದಲಾಗುವುದಿಲ್ಲ.

ಅಲ್ಲೇ ಇನ್ನೊಂದು ತೊಡಕು. ನಾನು ಗಿರಾಕಿಯ ಹೆಸರು, ಫೋನು, ಎದೆ, ಸೊಂಟ, ತೋಳು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೆ. ಆದರೆ ಹೆಣ್ಣುಮಕ್ಕಳ ಅಳತೆ ಒಂದೇ ಥರ ಇರುತ್ತದಾ? ಬಸುರಿ, ಬಾಣಂತಿ, ಕಾಯಿಲೆ, ವಯಸ್ಸು. ಹೊಸ ಅಳತೆ ಬರೆದರೆ ಹಳೆಯದು ಅಳಿಸಿಹೋಗುತ್ತಿತ್ತು. ಆಗ ಪುಸ್ತಕದ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಈ ಟೇಬಲ್‌ನಲ್ಲಿ ಒಂದು ಸಾಲು ಅಂದರೆ ಏನು? ನಾನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಗಿರಾಕಿ ಟೇಬಲ್: ಒಂದು ಸಾಲು ಅಂದರೆ ಒಬ್ಬ ಮನುಷ್ಯರು. ಅಳತೆ ಟೇಬಲ್: ಒಂದು ಸಾಲು ಅಂದರೆ ಒಬ್ಬರಿಗೆ ಒಂದು ದಿನ ಟೇಪು ಹಿಡಿದದ್ದು. ಆರ್ಡರ್ ಟೇಬಲ್: ಒಂದು ಸಾಲು ಅಂದರೆ ಒಂದು ಬಟ್ಟೆ. ಬಿಲ್ ಅಂತ ಬರೆಯಲಿಲ್ಲ. ಯಾಕೆಂದರೆ ಒಂದೇ ಬಿಲ್‌ನಲ್ಲಿ ಮೂರು ಬ್ಲೌಸ್ ಇರುತ್ತದೆ, ಒಂದು ಹಬ್ಬಕ್ಕೆ ಬೇಕು, ಎರಡು ನಿಧಾನವಾಗಿ ಆದರೂ ಸಾಕು. ಹೀಗೆ ಬೇರೆ ಬೇರೆ ಮಾಡುವುದಕ್ಕೆ ಪುಸ್ತಕದಲ್ಲಿ ನಾರ್ಮಲೈಸೇಶನ್ ಅಂತ ದೊಡ್ಡ ಹೆಸರಿದೆ, ಮೂವತ್ತು ಪುಟ ಇದೆ. ಗೋಡೆಯ ಮೇಲಿನ ಆ ರಟ್ಟು ನನಗೆ ಅಷ್ಟನ್ನೂ ಕಲಿಸಿತು.

ಖಾಲಿ ಜಾಗದ ವಿಷಯಕ್ಕೆ ಬರೋಣ. ತೋಳಿಲ್ಲದ ಬ್ಲೌಸ್ ಹೊಲಿಸುವವರ ತೋಳಿನ ಉದ್ದ ಸೊನ್ನೆ. ತೋಳಿನ ಅಳತೆ ತೆಗೆಯುವುದನ್ನು ನಾನು ಮರೆತಿದ್ದರೆ, ಅದು ಸೊನ್ನೆ ಅಲ್ಲ. ಅದು ಗೊತ್ತಿಲ್ಲ ಅಂತ ಅರ್ಥ. ಡೇಟಾಬೇಸ್‌ನಲ್ಲಿ ಅದಕ್ಕೆ ನಲ್ ಅನ್ನುತ್ತಾರೆ. ಯಾರ ತೋಳು ನಲ್‌ಗೆ ಸಮ ಅಂತ ಕೇಳಿದರೆ ಒಂದು ಹೆಸರೂ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಯಾವುದಕ್ಕೆ ಸಮ ಅನ್ನುವುದು? ಈಸ್ ನಲ್ ಅಂತ ಬೇರೆ ಥರ ಕೇಳಬೇಕು. ನನ್ನಂಥ ಟೈಲರ್‌ಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಕತ್ತರಿ ಹಾಕಿದರೆ ಬಟ್ಟೆ ಹಾಳು.

ಇನ್ನು ಕನ್ನಡ ಅಂಕಿಯ ಸಂಗತಿ. ಇದು ಯಾವ ಇಂಗ್ಲಿಷ್ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಒಂದು ಸಂಜೆ ಆ ದಿನದ ಅಡ್ವಾನ್ಸ್ ಕೂಡಿಸಿದೆ. ಡೇಟಾಬೇಸ್ 3,250 ಅಂದಿತು. ಡಬ್ಬಿಯಲ್ಲಿ 3,450 ಇತ್ತು. ಮೂರು ಸಲ ಎಣಿಸಿದೆ. ಆಮೇಲೆ ಸಾಲು ಸಾಲಾಗಿ ನೋಡಿದಾಗ ಗೊತ್ತಾಯಿತು. ಒಬ್ಬರ ಹೆಸರು ಕನ್ನಡದಲ್ಲಿ ಟೈಪ್ ಮಾಡಿ, ಹಾಗೇ ಕೀಬೋರ್ಡ್ ಬದಲಾಯಿಸದೆ, ಇನ್ನೂರು ಅನ್ನುವುದನ್ನು ೨೦೦ ಅಂತ ಕನ್ನಡ ಅಂಕಿಯಲ್ಲೇ ಹೊಡೆದಿದ್ದೆ. ಎಸ್‌ಕ್ಯೂಲೈಟ್ ಅದನ್ನು ಸಂಖ್ಯೆ ಅಂತ ಓದುವುದಿಲ್ಲ. ಅಕ್ಷರ ಅಂತ ಇಟ್ಟುಕೊಳ್ಳುತ್ತದೆ, ಕೂಡಿಸುವಾಗ ಸೊನ್ನೆ ಅಂತ ಲೆಕ್ಕ ಹಿಡಿಯುತ್ತದೆ. ತಪ್ಪು ಅಂತ ಒಂದು ಮಾತೂ ಹೇಳುವುದಿಲ್ಲ. 2021ರಿಂದ ಇದಕ್ಕೊಂದು ಉಪಾಯ ಇದೆ. ಟೇಬಲ್ ಮಾಡುವಾಗಲೇ ಕೊನೆಯಲ್ಲಿ ಸ್ಟ್ರಿಕ್ಟ್ ಅನ್ನುವ ಪದ ಸೇರಿಸಿದರೆ, ಸಂಖ್ಯೆಯ ಕಾಲಂಗೆ ಇಂಥದ್ದು ಬಂದಾಗ ಒಳಗೆ ಬಿಡುವುದಿಲ್ಲ. ಕನ್ನಡದಲ್ಲಿ ಮಾಹಿತಿ ತುಂಬುವವರು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ.

ಅಕಾರಾದಿಯಲ್ಲೂ ಒಂದು ಚಿಕ್ಕ ವ್ಯತ್ಯಾಸ ಇದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ ಬರುತ್ತದೆ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್ ಅನ್ನುವ ಪಟ್ಟಿಯಲ್ಲಿ ಲ ಆದ ತಕ್ಷಣ ಳ. ಹಾಗಾಗಿ ಪಟ್ಟಿಯಲ್ಲಿ ಕಾವೇರಿಗಿಂತ ಮೊದಲು ಕಾಳಮ್ಮ ಬಂದರೆ ಗಾಬರಿ ಆಗಬೇಡಿ.

ಆದರೆ ನಾನು ನಿಜವಾಗಿ ಗಾಬರಿ ಆದ ದಿನ ಒಂದಿದೆ. ಹಬ್ಬಕ್ಕೆ ಐದು ದಿನ ಇತ್ತು. ಒಬ್ಬರು 500 ರೂಪಾಯಿ ಅಡ್ವಾನ್ಸ್ ಕೊಟ್ಟರು. ಗದ್ದಲದಲ್ಲಿ ಅಪ್‌ಡೇಟ್ ಅಂತ ಬರೆದೆ, ಅಡ್ವಾನ್ಸ್ 500 ಅಂತ ಬರೆದೆ, ಯಾರದ್ದು ಅನ್ನುವ ವೇರ್ ಬರೆಯುವುದು ಬಿಟ್ಟುಹೋಯಿತು. ರನ್ ಒತ್ತಿದೆ. ಸೇವ್ ಮಾಡುವ ಬಟನ್ನೂ ಒತ್ತಿದೆ. 340 ಸಾಲು ಬದಲಾಯಿತು ಅಂತ ಪರದೆ ಹೇಳಿತು. ಅಂಗಡಿಯ ಪ್ರತಿಯೊಂದು ಬಟ್ಟೆಗೂ ಅಡ್ವಾನ್ಸ್ 500. ಕೈಕಾಲು ತಣ್ಣಗಾಯಿತು. ರಸೀದಿ ಪುಸ್ತಕದ ಕಾರ್ಬನ್ ಪ್ರತಿ ಇತ್ತು, ಅದೇ ಕಾಪಾಡಿತು. ರಾತ್ರಿ ಎರಡು ಗಂಟೆವರೆಗೆ ಕೂತು ಮತ್ತೆ ತುಂಬಿಸಿದೆ.

ಅವತ್ತಿನಿಂದ ಎರಡು ಕಟ್ಟುನಿಟ್ಟು. ಒಂದು, ಏನಾದರೂ ಬದಲಾಯಿಸುವ ಮುಂಚೆ ಅದೇ ವೇರ್ ಹಾಕಿ ಸೆಲೆಕ್ಟ್ ಮಾಡಿ ನೋಡುವುದು. ಒಂದೇ ಸಾಲು ಬಂದರೆ ಮಾತ್ರ ಮುಂದಕ್ಕೆ. ಇನ್ನೊಂದು, ಮೊದಲು ಬಿಗಿನ್ ಅಂತ ಬರೆದು ಕೆಲಸ ಶುರು ಮಾಡುವುದು. ಸರಿ ಇದ್ದರೆ ಕಮಿಟ್. ತಪ್ಪಾಗಿದ್ದರೆ ರೋಲ್‌ಬ್ಯಾಕ್, ಮೊದಲಿನ ಹಾಗೇ ಆಗುತ್ತದೆ. ಹೊಲಿಗೆಯಲ್ಲಿ ಮೊದಲು ಕಚ್ಚಾ ಟಾಕ ಹಾಕಿ, ಮೈಮೇಲೆ ಇಟ್ಟು ನೋಡಿ, ಆಮೇಲೆ ಮಿಷನ್ ಹೊಡೆಯುತ್ತೇವಲ್ಲ, ಅದೇ ಇದು. ಹೀಗೆ ಬಿಗಿನ್ ಅಂದು ಶುರು ಮಾಡಿ ಕಮಿಟ್ ಅಥವಾ ರೋಲ್‌ಬ್ಯಾಕ್‌ಗೆ ಮುಗಿಸುವ ಕೆಲಸಕ್ಕೆ ಟ್ರಾನ್ಸಾಕ್ಷನ್ ಅನ್ನುತ್ತಾರೆ. ಪುಸ್ತಕ ಆ ವಿಷಯವನ್ನು ಹನ್ನೊಂದನೇ ಅಧ್ಯಾಯದಲ್ಲಿ ಇಟ್ಟಿದೆ. ನನ್ನನ್ನು ಕೇಳಿದರೆ ಅಪ್‌ಡೇಟ್ ಕಲಿಸುವ ಪುಟದಲ್ಲೇ ಅದೂ ಇರಬೇಕು.

ಈಗ ಪೆನ್ಸಿಲ್ ಗೆರೆ ನಿಂತಿದ್ದ ಐದನೇ ಅಧ್ಯಾಯ. ಅದು ಜಾಯಿನ್. ಬೇರೆ ಬೇರೆ ಮಾಡಿದ ಟೇಬಲ್‌ಗಳನ್ನು ನಂಬರ್ ಹಿಡಿದು ಜೋಡಿಸುವುದು. ಗಿರಾಕಿ ಟೇಬಲ್‌ನ 41, ಆರ್ಡರ್ ಟೇಬಲ್‌ನ 41, ಎರಡೂ ಪಕ್ಕಪಕ್ಕ ಬಂದು ನಿಲ್ಲುತ್ತವೆ. ಮೊದಲ ಸಲ ಅದು ಕೆಲಸ ಮಾಡಿದಾಗ, ಹಬ್ಬದೊಳಗೆ ಕೊಡಬೇಕಾದ ಬ್ಲೌಸ್‌ಗಳು, ಯಾರದ್ದು, ಫೋನ್ ನಂಬರ್ ಏನು, ಎಲ್ಲಾ ಒಂದೇ ಪಟ್ಟಿಯಲ್ಲಿ ಬಂತು. ನನಗೆ ಕಣ್ಣಲ್ಲಿ ನೀರು ಬಂತು.

ಮಾರನೇ ದಿನವೇ ತಪ್ಪೂ ಬಂತು. ಅಳತೆ ಟೇಬಲನ್ನೂ ಸೇರಿಸಿ ಬಾಕಿ ಕೂಡಿಸಿದೆ. ಲಕ್ಷ್ಮಿ ಟೀಚರ್ ಬಾಕಿ 1,800 ಅಂತ ತೋರಿಸಿತು. ಅವರು ಕೊಡಬೇಕಾದದ್ದು 900. ಎರಡರಷ್ಟು ಹೇಗೆ ಆಯಿತು? ಗೋಡೆಯ ರಟ್ಟು ನೋಡಿದೆ. ಅಳತೆ ಟೇಬಲ್‌ನಲ್ಲಿ ಟೀಚರ್ ಹೆಸರಲ್ಲಿ ಎರಡು ಸಾಲು ಇದ್ದವು, ಎರಡು ದಿನ ಅಳತೆ ತೆಗೆದಿದ್ದೆ. ಅವರ ಒಂದೊಂದು ಆರ್ಡರೂ ಆ ಎರಡು ಸಾಲಿನ ಜೊತೆ ಒಂದೊಂದು ಸಲ ಜೋಡಿಯಾಗಿ ಎರಡು ಸಲ ಬಂದಿತ್ತು. ಮಿಷನ್ ನಾನು ಕೇಳಿದ್ದನ್ನೇ ಮಾಡಿತ್ತು. ಬಾಕಿ ಕೂಡಿಸುವುದಕ್ಕೆ ಅಳತೆ ಯಾಕೆ ಬೇಕಿತ್ತು? ತೆಗೆದುಹಾಕಿದೆ, 900 ಬಂತು. 900 ಅಂತ ನನಗೆ ಮೊದಲೇ ಗೊತ್ತಿಲ್ಲದೆ ಹೋಗಿದ್ದರೆ, ಟೀಚರ್ ಹತ್ತಿರ 1,800 ಕೇಳಿಬಿಡುತ್ತಿದ್ದೆ.

ಹದಿನಾಲ್ಕು ಪುಸ್ತಕದ ಹಳೇ ಅಳತೆಗಳನ್ನೂ ತಾರೀಖಿನ ಸಮೇತ ಈಗ ತುಂಬಿಸಿದ್ದೇನೆ. ತಾರೀಖನ್ನು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಬರೆಯಬೇಕು, ಇಲ್ಲದಿದ್ದರೆ ಸಾಲುಗಳು ಹಿಂದುಮುಂದಾಗುತ್ತವೆ.

ಹೋದ ತಿಂಗಳು ಒಬ್ಬ ತಾಯಿ ಮಗಳ ಮದುವೆ ಬ್ಲೌಸ್ ಹೊಲಿಸಲು ಬಂದರು. ಆ ಹುಡುಗಿಗೆ ಮೊದಲ ಲಂಗ ದಾವಣಿ ಹೊಲಿದವಳೂ ನಾನೇ. ನಂಬರ್ ಹಾಕಿ, ತಾರೀಖಿನ ಕ್ರಮದಲ್ಲಿ ಕೊಡು ಅಂದೆ. ನಾಲ್ಕು ಸಾಲು ಬಂದವು. ಭುಜ ಹನ್ನೊಂದು ಇಂಚಿನಿಂದ ಹದಿಮೂರೂವರೆಗೆ ಬಂದಿತ್ತು. ಎರಡನೇ ಸಾಲಿನಲ್ಲಿ ತೋಳಿನ ಜಾಗ ಖಾಲಿ. ಅವತ್ತು ನಾನು ಅಳತೆ ತೆಗೆಯುವುದನ್ನು ಮರೆತಿದ್ದೆ. ತಾಯಿ ಪರದೆಯ ಹತ್ತಿರ ಬಗ್ಗಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. "ಇದು ಏಳನೇ ಕ್ಲಾಸು, ಇದು ಅಜ್ಜಿ ತೀರಿಕೊಂಡ ವರ್ಷ" ಅಂದರು. ನಾನು ಟೇಪು ತೆಗೆದುಕೊಂಡು ಹುಡುಗಿಯನ್ನು ಕನ್ನಡಿ ಮುಂದೆ ನಿಲ್ಲಿಸಿದೆ. ಐದನೇ ಸಾಲನ್ನು ತೋಳಿನಿಂದಲೇ ಶುರು ಮಾಡಿದೆವು.

ನಮಸ್ಕಾರ.